ಎಕ್ಸಲೇಟರ್ ಆಮೇಲೆ, ಮೊದಲು ಬ್ರೇಕ್

ನಮಸ್ಕಾರ. ಇವತ್ತು ಗೇರ್ ಇಲ್ಲದ ಸ್ಕೂಟರ್ ಬಗ್ಗೆ ಮಾತು, ಸ್ವಲ್ಪ ಜಗಳದ ಧಾಟಿಯಲ್ಲೇ. "ಅದ್ರಲ್ಲಿ ಕಲಿಯೋಕೆ ಎಂತ ಇದೆ ಮಾರಾಯ್ರೆ, ಕ್ಲಚ್ಚಿಲ್ಲ, ಗೇರಿಲ್ಲ, ತಿರುವಿದ್ರೆ ಹೋಗತ್ತೆ" ಅಂತಾರಲ್ಲ, ನಮ್ಮ ತಕರಾರು ಆ ಮಾತಿನ ಮೇಲೇ. ಗಾಡಿ ಹೋಗೋದನ್ನ ಯಾರಿಗೂ ಕಲಿಸ್ಬೇಕಾಗಿಲ್ಲ, ಅದು ತಾನಾಗೇ ಹೋಗತ್ತೆ. ಕಲಿಸ್ಬೇಕಾಗಿರೋದು ನಿಲ್ಲಿಸೋದನ್ನ. ಶಿವಮೊಗ್ಗ ಪೇಟೆ ಒಳಗೆ ಓಡಾಡೋರಿಗೂ ಇದು ನಿಜ. ತೀರ್ಥಹಳ್ಳಿ, ಹೊಸನಗರ, ಕೊಪ್ಪ, ಶೃಂಗೇರಿ ಕಡೆ ಏರು ಇಳಿಜಾರಿನಲ್ಲೇ ದಿನ ಕಳೆಯೋರಿಗಂತೂ ಇದು ಜೀವದ ಪ್ರಶ್ನೆ.

ನಾವು ಕಲಿಸೋ ರೀತಿ ನೋಡಿ. ಸಂಜೆ ಹೊತ್ತು ಶಾಲೆ ಮೈದಾನದಲ್ಲಿ ಮಗಳನ್ನ ಕೂರಿಸಿ, ಹಿಂದೆ ಅಪ್ಪ ಹಿಡ್ಕೊಂಡು, ಮೊದಲ ಮಾತೇ "ಹೂಂ, ನಿಧಾನ ಎಕ್ಸಲೇಟರ್ ಕೊಡು". ಕೊಡ್ತಾಳೆ. ಗಾಡಿ ಮುಂದಕ್ಕೆ ಹಾರತ್ತೆ. ಹೆದರಿದ ಕೈ ಹಿಡಿದಿದ್ದನ್ನ ಬಿಡಲ್ಲ, ಇನ್ನೂ ಬಿಗಿ ಹಿಡಿಯತ್ತೆ. ಮೈ ಹಿಂದಕ್ಕೆ ವಾಲಿದಾಗ ಬಲಗೈ ಮಣಿಕಟ್ಟು ಕೆಳಗಿಳಿಯತ್ತೆ, ಎಕ್ಸಲೇಟರ್ ಮತ್ತಷ್ಟು ತಿರುಗತ್ತೆ. ಎರಡೂ ಕಾಲು ನೆಲಕ್ಕೆ ಬರತ್ತೆ. ನೂರು ಕೆಜಿ ದಾಟಿದ ಗಾಡಿ ಚಪ್ಪಲಿಗೆಲ್ಲ ನಿಲ್ಲಲ್ಲ, ಕಾಂಪೌಂಡಿಗೆ ಹೋಗಿ ನಿಲ್ಲತ್ತೆ. ಅಲ್ಲಿಗೆ "ಅವಳಿಗೆ ಬರಲ್ಲ" ಅಂತ ತೀರ್ಮಾನ. ಬರದೇ ಇರೋದು ಕಲಿಸಿದೋರಿಗೆ.

ಹಾಗಲ್ಲ. ಮೊದಲ ದಿನ ಕೀ ಆಫ್ ಇರಲಿ. ತೀರಾ ಸಣ್ಣ ಇಳಿಜಾರು ಹುಡುಕಿ, ಎಂಜಿನ್ ಇಲ್ಲದೇ ಗಾಡಿ ಉರುಳಿಸಿ. ಎರಡು ಕಾಲೂ ಫುಟ್‌ಬೋರ್ಡ್ ಮೇಲಿಟ್ಟು, ಹ್ಯಾಂಡಲ್ ನೇರ ಹಿಡಿದು, ಎರಡೂ ಬ್ರೇಕ್ ಒಟ್ಟಿಗೆ ನಿಧಾನ ಅದುಮಿ ನಿಲ್ಲಿಸ್ಲಿ. ಗಾಡಿ ಪೂರ್ತಿ ನಿಂತ ಮೇಲೆ ಎಡಗಾಲು ನೆಲಕ್ಕೆ. ನಿಲ್ಲೋಕೆ ಮುಂಚೆ ಕಾಲು ಇಳಿಸಿದ್ರೆ ಮತ್ತೆ ಮೊದಲಿಂದ. "ನಿಲ್ಲಿಸೋದು ಅಂದ್ರೆ ಕೈ, ಕಾಲಲ್ಲ" ಅನ್ನೋದು ಮೈಗೆ ಹತ್ತೋವರೆಗೂ ಸ್ಟಾರ್ಟ್ ಬಟನ್ ಕಡೆ ಹೋಗಬೇಡಿ. ಆಮೇಲೆ ಎಂಜಿನ್ ಹಾಕಿದಾಗಲೂ ಬಲಗೈಯ ಎರಡು ಬೆರಳು ಯಾವಾಗಲೂ ಬ್ರೇಕ್ ಲಿವರ್ ಮೇಲಿರಲಿ. ಬೆರಳು ಅಲ್ಲಿದ್ರೆ, ಗಾಬರಿಯಲ್ಲಿ ಕೈ ಬಿಗಿಯಾದಾಗ ಬ್ರೇಕೂ ಜೊತೆಗೇ ಹಿಡಿಯತ್ತೆ.

ಇನ್ನೊಂದು, ಮನೆ ಅಂಗಳದಲ್ಲೇ ಆಗೋ ಅವಘಡ. ಡಬಲ್ ಸ್ಟ್ಯಾಂಡ್ ಮೇಲೆ ಸ್ಟಾರ್ಟ್ ಮಾಡಿ, ರೈಸ್ ಕೊಡ್ತಾ ಇದ್ದ ಹಾಗೇ ಗಾಡಿನ ಮುಂದಕ್ಕೆ ದೂಡೋದು. ಹಿಂದಿನ ಚಕ್ರ ಗಾಳಿಯಲ್ಲಿ ತಿರುಗ್ತಾ ಇರತ್ತೆ, ನೆಲ ಮುಟ್ಟಿದ ಕ್ಷಣ ಗಾಡಿ ನಿಮ್ಮ ಕೈ ತಪ್ಪಿಸ್ಕೊಂಡು ಹೋಗತ್ತೆ. ಸ್ಟ್ಯಾಂಡ್ ತೆಗೆದು, ಕೂತು, ಎಡಗೈ ಬ್ರೇಕ್ ಹಿಡಿದು, ಆಮೇಲೆ ಸ್ಟಾರ್ಟ್. ಕೈಯಲ್ಲಿ ತಳ್ಕೊಂಡು ಹೋಗೋದಾದ್ರೆ ಕೀ ಆಫ್. ಗೇಟ್ ದಾಟಿಸೋ ನಾಲ್ಕು ಹೆಜ್ಜೆಗೂ ಆಫ್.

ಈಗ ಬ್ರೇಕಿಗೆ ಬರೋಣ. 2019ರ ಏಪ್ರಿಲ್‌ನಿಂದ 125 ಸಿಸಿ ಒಳಗಿನ ಹೊಸ ಗಾಡಿಗಳಿಗೆಲ್ಲ ಸಿಬಿಎಸ್ (ಒಂದೇ ಲಿವರಿಗೆ ಎರಡೂ ಬ್ರೇಕ್ ಹಿಡಿಯೋ ವ್ಯವಸ್ಥೆ) ಅಥವಾ ಎಬಿಎಸ್ (ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳ್ಳೋ ವ್ಯವಸ್ಥೆ) ಕಡ್ಡಾಯ ಆಯ್ತು. ಹೆಚ್ಚಿನ ಸ್ಕೂಟರ್‌ಗಳಲ್ಲಿ ಇರೋದು ಸಿಬಿಎಸ್. ಎಡಗೈ ಲಿವರ್ ಅದುಮಿದ್ರೆ ಹಿಂದಿನ ಬ್ರೇಕಿನ ಜೊತೆ ಮುಂದಿನದೂ ಸ್ವಲ್ಪ ಹಿಡಿಯತ್ತೆ. ಬಲಗೈದು ಮುಂದಿನದಕ್ಕೆ ಮಾತ್ರ. ಸಿಬಿಎಸ್ ಇದೆ ಅಂದ್ಕೊಂಡು ಬಲಗೈ ಲಿವರ್ ಮುಟ್ಟದೇ ವರ್ಷಗಟ್ಟಲೆ ಓಡಿಸೋರು ತುಂಬಾ ಜನ. "ಮುಂದಿನ ಬ್ರೇಕ್ ಹಿಡಿದ್ರೆ ಪಲ್ಟಿ" ಅನ್ನೋ ಹೆದರಿಕೆ. ನಿಜ ಏನಂದ್ರೆ, ಬ್ರೇಕ್ ಹಿಡಿದ ತಕ್ಷಣ ಭಾರ ಮುಂದಿನ ಚಕ್ರಕ್ಕೆ ವಾಲತ್ತೆ, ಹಿಂದಿನ ಚಕ್ರ ಹಗುರ ಆಗತ್ತೆ. ಹಗುರ ಆದ ಚಕ್ರಕ್ಕೆ ರಸ್ತೆ ಮೇಲೆ ಹಿಡಿತ ಕಮ್ಮಿ, ಜೋರಾಗಿ ಅದುಮಿದ್ರೆ ಲಾಕ್ ಆಗಿ ಜಾರತ್ತೆ. ನಿಲ್ಲಿಸೋ ಕೆಲಸ ಹೆಚ್ಚು ಮಾಡೋದು ಮುಂದಿನದೇ. ಬೀಳೋದು ಮುಂದಿನ ಬ್ರೇಕ್ ಹಿಡಿದಿದ್ದಕ್ಕಲ್ಲ. ಹ್ಯಾಂಡಲ್ ತಿರುಗಿರುವಾಗ ಹಿಡಿದಿದ್ದಕ್ಕೆ, ಜಲ್ಲಿ ಮೇಲೆ ಹಿಡಿದಿದ್ದಕ್ಕೆ, ಗಪ್ಪನೆ ಹಿಡಿದಿದ್ದಕ್ಕೆ. ಸಿಬಿಎಸ್ ಎರಡು ಚಕ್ರಕ್ಕೂ ಬ್ರೇಕ್ ಹಂಚತ್ತೆ ಅಷ್ಟೇ, ಚಕ್ರ ಲಾಕ್ ಆಗೋದನ್ನ ತಪ್ಪಿಸಲ್ಲ. ಅದು ಎಬಿಎಸ್ ಕೆಲಸ.

ಲೆಕ್ಕ ಒಂದು ಹೇಳ್ತೀವಿ. ಗಂಟೆಗೆ 40 ಕಿಮೀ ಅಂದ್ರೆ ಸೆಕೆಂಡಿಗೆ 11 ಮೀಟರ್. ಅಡ್ಡ ಬಂದ ದನ ನೋಡಿ, ಬೆರಳು ಲಿವರ್ ಅದುಮೋಷ್ಟರಲ್ಲಿ ಒಂದು ಸೆಕೆಂಡ್ ಹೋಗತ್ತೆ. 11 ಮೀಟರ್ ಬ್ರೇಕೇ ಇಲ್ಲದೆ ಹೋಯ್ತು. ಒಣ ರಸ್ತೆಯಲ್ಲಿ ನಿಲ್ಲೋಕೆ ಮತ್ತೆ 12 ಮೀಟರ್ ಆಸುಪಾಸು ಬೇಕು, ಒದ್ದೆ ರಸ್ತೆಯಲ್ಲಿ 20 ಅಂತಲೇ ಇಟ್ಕೊಳ್ಳಿ. ಒಟ್ಟು ಮೂವತ್ತು ಮೀಟರ್ ಮೇಲೆ. ಮಳೆಗಾಲದಲ್ಲಿ ಶಿವಮೊಗ್ಗದ ಬಿ.ಎಚ್. ರೋಡಿನಲ್ಲಿ ಮುಂದಿನ ಆಟೋಗೆ ಎಷ್ಟು ಅಂತರ ಬಿಟ್ಟಿರ್ತೀರಿ, ನೀವೇ ಹೇಳಿ.

ಇನ್ನು ಘಾಟಿ. ಇದನ್ನ ಸ್ಕೂಟರ್ ಓಡಿಸೋ ಪ್ರತಿಯೊಬ್ಬರಿಗೂ ಬಿಡಿಸಿ ಹೇಳ್ಬೇಕು, ಯಾರೂ ಹೇಳಲ್ಲ. ಎಡಗಡೆ ಉದ್ದದ ಕವರ್ ಒಳಗೆ ಎರಡು ಪುಲ್ಲಿ, ಮಧ್ಯೆ ಒಂದು ರಬ್ಬರ್ ಬೆಲ್ಟ್ ಇದೆ. ಮುಂದಿನ ಪುಲ್ಲಿ ಒಳಗಿನ ರೋಲರ್‌ಗಳು ಎಂಜಿನ್ ವೇಗಕ್ಕೆ ಹೊರಗೆ ಸರಿದು ಪುಲ್ಲಿಯ ಬಾಯಿ ಕಿರಿದು ಮಾಡತ್ವೆ, ಬೆಲ್ಟ್ ಮೇಲೇರತ್ತೆ. ಗೇರ್ ಬದಲಾಗೋದು ಹೀಗೆ. ಹಿಂದಿನ ಪುಲ್ಲಿ ಜೊತೆ ಕ್ಲಚ್ ಇದೆ. ಹೌದು, ಕ್ಲಚ್ಚಿಲ್ಲ ಅಂದ್ಕೊಂಡ ಗಾಡಿಗೂ ಕ್ಲಚ್ ಇದೆ. ಎಂಜಿನ್ ವೇಗ ಹೆಚ್ಚಿದ್ರೆ ಅದರ ಶೂಗಳು ಹೊರಗೆ ಅಗಲಿ, ಸುತ್ತ ಇರೋ ಬಟ್ಟಲನ್ನ ಹಿಡಿದು ಚಕ್ರ ತಿರುಗಿಸತ್ವೆ. ವೇಗ ಇಳಿದ್ರೆ ಸ್ಪ್ರಿಂಗ್ ಅವನ್ನ ಒಳಗೆಳೀತು, ಹಿಡಿತ ಬಿಡ್ತು. ಅಷ್ಟೇ ವಿದ್ಯೆ.

ಈಗ ಆಗುಂಬೆಯಿಂದ ಸೋಮೇಶ್ವರಕ್ಕೆ ಇಳೀತಾ ಇದ್ದೀರಿ ಅಂದ್ಕೊಳ್ಳಿ. 14 ಹೇರ್‌ಪಿನ್ ತಿರುವು. ಎಕ್ಸಲೇಟರ್ ಪೂರ್ತಿ ಬಿಟ್ಟು, ತಿರುವಿನಲ್ಲಿ ವೇಗ ಹತ್ತು ಹದಿನೈದಕ್ಕೆ ಇಳೀತು. ಕ್ಲಚ್ ಬಿಡ್ತು. ತಿರುವು ದಾಟಿ ಗಾಡಿ ಮತ್ತೆ ವೇಗ ಹಿಡಿಯತ್ತೆ, ಆದ್ರೆ ಚಕ್ರ ಎಷ್ಟೇ ಜೋರು ತಿರುಗಿದ್ರೂ ಕ್ಲಚ್ ತಾನಾಗಿ ಹಿಡಿಯಲ್ಲ, ಯಾಕಂದ್ರೆ ಎಂಜಿನ್ ಇನ್ನೂ ಐಡ್ಲಿಂಗ್‌ನಲ್ಲೇ, ಅಂದ್ರೆ ಎಕ್ಸಲೇಟರ್ ಕೊಡದೇ ನಿಧಾನ ತಿರುಗ್ತಾ ಇದೆ. ಗೇರ್ ಬೈಕಿನವರು ಎರಡನೇ ಗೇರಿಗೆ ಹಾಕಿ ಎಂಜಿನ್ ಹಿಡಿತದಲ್ಲಿ ಇಳೀತಾರೆ. ನಿಮ್ಮದು ಬರೀ ಉರುಳ್ತಾ ಇರೋ ಗಾಡಿ, ಪೂರ್ತಿ ಭಾರ ಬ್ರೇಕ್ ಮೇಲೆ. ಪರಿಹಾರ ಸುಲಭ. ತಿರುವು ದಾಟಿ ಗಾಡಿ ನೇರ ಆದ ಮೇಲೆ, ಮುಂದೆ ರಸ್ತೆ ಖಾಲಿ ಇದ್ರೆ, ಎಕ್ಸಲೇಟರನ್ನ ಒಂದು ಕೂದಲಷ್ಟು ಕೊಟ್ಟು ಕ್ಲಚ್ ಹಿಡಿಸಿ, ಮೆತ್ತಗೆ ಬಿಡಿ. ಎಂಜಿನ್ ಹಿಂದಕ್ಕೆಳೆಯೋದು ಸೀಟಿಗೇ ಗೊತ್ತಾಗತ್ತೆ. ಬೈಕಿನಷ್ಟು ಎಳೆಯಲ್ಲ, ಆದ್ರೆ ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ.

ಪೆಟ್ರೋಲ್ ಉಳಿಸ್ತೀವಿ ಅಂತ ಘಾಟಿಯಲ್ಲಿ ಕೀ ಆಫ್ ಮಾಡಿ ಇಳಿಯೋ ಮಹಾನುಭಾವರಿಗೆ ಒಂದು ಮಾತು. ಐಡ್ಲಿಂಗ್‌ನಲ್ಲಿ ಅಷ್ಟು ಹೊತ್ತಿಗೆ ಕುಡಿಯೋ ಪೆಟ್ರೋಲ್ ಒಂದು ಟೀ ದುಡ್ಡಿನಷ್ಟೂ ಆಗಲ್ಲ. ಬದಲಿಗೆ ಎಂಜಿನ್ ಹಿಡಿತ ಹೋಯ್ತು, ಹಾರ್ನ್, ಲೈಟ್ ಎಲ್ಲ ಹೋಯ್ತು. ಮಂಜಿನಲ್ಲಿ ಎದುರಿನ ಬಸ್ಸಿಗೆ ನೀವು ಕಾಣೋದೇ ಇಲ್ಲ. ಎಲೆಕ್ಟ್ರಿಕ್ ಸ್ಕೂಟರ್‌ನವರಿಗೂ ಒಂದು ಸೂಚನೆ: ಘಾಟಿಯ ತುದಿಯಲ್ಲಿ ಬ್ಯಾಟರಿ ಫುಲ್ ಚಾರ್ಜ್ ಆಗಿದ್ರೆ ಇಳಿಯುವಾಗ ಬರೋ ಕರೆಂಟ್ ತುಂಬಿಸ್ಕೊಳ್ಳೋಕೆ ಅದ್ರಲ್ಲಿ ಜಾಗ ಇರಲ್ಲ, ರೀಜನ್ ಬ್ರೇಕ್ (ಮೋಟಾರೇ ಕರೆಂಟ್ ಮಾಡ್ತಾ ಗಾಡಿನ ಹಿಂದಕ್ಕೆಳೆಯೋದು) ಹಿಡಿತ ಅಷ್ಟಕ್ಕಷ್ಟೇ.

ಬ್ರೇಕನ್ನ ಘಾಟಿ ಉದ್ದಕ್ಕೂ ಅದುಮಿಟ್ಕೊಂಡು ಇಳೀಬೇಡಿ. ಚಕ್ರದ ನಡುವಿನ ಬ್ರೇಕ್ ಡ್ರಮ್ ಕಾದು ಹಿಗ್ಗತ್ತೆ, ಒಳಗಿಂದ ಅದನ್ನ ಒತ್ತಿ ಹಿಡಿಯೋ ಬ್ರೇಕ್ ಶೂಗೂ ಅದಕ್ಕೂ ಅಂತರ ಹೆಚ್ಚಾಗತ್ತೆ, ಕಾದ ಲೈನಿಂಗ್ ಹಿಡಿತ ಕಳ್ಕೊಳ್ಳತ್ತೆ. ಲಿವರ್ ಹ್ಯಾಂಡಲ್‌ವರೆಗೂ ಬರತ್ತೆ, ಗಾಡಿ ಮಾತ್ರ ನಿಲ್ಲಲ್ಲ. ತಿರುವಿಗೆ ಮುಂಚೆ, ಗಾಡಿ ನೇರ ಇರುವಾಗಲೇ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಪೂರ್ತಿ ಬಿಡಿ, ಗಾಳಿ ಆಡ್ಲಿ. ಸುಟ್ಟ ವಾಸನೆ ಬಂತು ಅಂದ್ರೆ ಅಗಲ ಇರೋ ಜಾಗ ನೋಡಿ ನಿಲ್ಲಿಸಿ, ಹದಿನೈದು ಇಪ್ಪತ್ತು ನಿಮಿಷ ಬಿಡಿ. ನೀರು ಹೊಯ್ಯಬೇಡಿ, ಕಾದ ಡ್ರಮ್ಮಿಗೆ ತಣ್ಣೀರು ಬಿದ್ರೆ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಹುಲಿಕಲ್ ಘಾಟಿ ಇಳಿಯೋರಿಗೂ ಇದೇ ಮಾತು.

ಏರಿನಲ್ಲಿ ತಪ್ಪು ಬೇರೆ. ದಿಬ್ಬದಲ್ಲಿ ಬಸ್ ಅಡ್ಡ ನಿಂತಾಗ, ಬ್ರೇಕ್ ಬಿಟ್ಟು ಎಕ್ಸಲೇಟರ್‌ನಲ್ಲೇ ಗಾಡಿನ ಹಿಡಿದು ನಿಲ್ಲಿಸೋದು. ಕ್ಲಚ್ ಅರೆಬರೆ ಹಿಡಿದು ಜಾರ್ತಾ ಕಾಯತ್ತೆ, ಆಮೇಲೆ ಹೊರಡುವಾಗೆಲ್ಲ ಗಾಡಿ ಗಡಗಡ ನಡುಗತ್ತೆ. ಎಡಗೈ ಬ್ರೇಕಿನಲ್ಲೇ ನಿಲ್ಲಿಸಿ. ಹೊರಡುವಾಗ ಎಕ್ಸಲೇಟರ್ ಕೊಡ್ತಾ, ಗಾಡಿ ಮುಂದೆ ಎಳೀತಾ ಇದೆ ಅನ್ನಿಸಿದಾಗ ಬ್ರೇಕ್ ಬಿಡಿ.

ಬನ್ನಿ, ಹಿಂದಿನ ಚಕ್ರದ ಹತ್ರ ಕೂತು ನೋಡಿ. ಡ್ರಮ್ ಬ್ರೇಕಿನ ಕೇಬಲ್ ಬಂದು ಸೇರೋ ಕಡೆ ಒಂದು ತೋಳು ಇದೆ, ಅದ್ರ ಬುಡದಲ್ಲಿ ಸಣ್ಣ ಬಾಣದ ಗುರುತು. ಒಬ್ಬರು ಲಿವರ್ ಪೂರ್ತಿ ಅದುಮ್ಲಿ. ಆಗ ಬಾಣ ಹೋಗಿ ಪಕ್ಕದ ಗುರುತಿಗೆ ಸರಿಯಾಗಿ ಕೂತ್ರೆ ಬ್ರೇಕ್ ಶೂ ಸವೆದಿದೆ, ಬದಲಾಯಿಸ್ಬೇಕು. ಆ ಹಂತದಲ್ಲಿ ನಟ್ ಬಿಗಿ ಮಾಡ್ಸಿ ಇನ್ನೊಂದು ತಿಂಗಳು ಓಡಿಸೋಣ ಅನ್ನೋ ಉಳಿತಾಯ ಬೇಡ. ಬಾಣ ಇನ್ನೂ ದೂರ ಇದ್ರೆ ಬಿಗಿ ಮಾಡ್ಬಹುದು. ಲಿವರ್ ತುದಿಯಲ್ಲಿ ಒಂದರಿಂದ ಎರಡು ಸೆಂಟಿಮೀಟರ್ ಸಡಿಲ ಇರಬೇಕು. ನಟ್ಟಿನ ಬೆನ್ನಲ್ಲಿ ಒಂದು ತಗ್ಗು ಇದೆ, ಅದು ತೋಳಿನ ಪಿನ್ ಮೇಲೆ ಸರಿಯಾಗಿ ಕೂತಿದೆಯಾ ನೋಡಿ, ಇಲ್ದಿದ್ರೆ ನಾಳೆ ತಾನಾಗೇ ಸಡಿಲ ಆಗತ್ತೆ. ಬಿಗಿ ಮಾಡಿದ ಮೇಲೆ ಡಬಲ್ ಸ್ಟ್ಯಾಂಡ್ ಹಾಕಿ ಚಕ್ರ ಕೈಯಲ್ಲಿ ತಿರುಗಿಸಿ, ಸಲೀಸಾಗಿ ತಿರುಗಬೇಕು. ಅಲ್ಲೇ ಇರೋ ಹೊತ್ತಿಗೆ ಗಾಳಿ: ಹೆಚ್ಚಿನ 110, 125 ಸಿಸಿ ಗಾಡಿಗೆ ಮುಂದೆ 22, ಹಿಂದೆ 29, ಹಿಂದೆ ಇನ್ನೊಬ್ಬರು ಕೂತ್ರೆ 36 ಪಿಎಸ್ಐ ಆಸುಪಾಸು. ನಿಮ್ಮ ಗಾಡಿಯ ಪುಸ್ತಕದಲ್ಲಿರೋ ಅಂಕಿಯೇ ಅಂತಿಮ. ಪಂಚರ್ ಅಂಗಡಿಯಲ್ಲಿ "ಎರಡಕ್ಕೂ ಮೂವತ್ತೈದು ಹೊಡೀರಿ" ಅಂದ್ರೆ, ಒದ್ದೆ ತಿರುವಿನಲ್ಲಿ ಮುಂದಿನ ಟೈರ್ ಕಲ್ಲಿನ ಹಾಗೆ ಜಾರತ್ತೆ.

ಎಂಜಿನ್ ಆಯಿಲ್ ಎಲ್ಲರೂ ಹಾಕಿಸ್ತಾರೆ. ಹಿಂದಿನ ಚಕ್ರದ ಗೇರ್ ಬಾಕ್ಸಿಗೆ ಬೇರೆ ಆಯಿಲ್ ಇದೆ, ನೂರು ಮಿಲಿ ಚಿಲ್ಲರೆ ಅಷ್ಟೇ, ಅದನ್ನ ಕೇಳಿ ಹಾಕಿಸಿ. ಬೆಲ್ಟ್ 20ರಿಂದ 24 ಸಾವಿರ ಕಿಮೀ ಒಳಗೆ ಬದಲಾಯಿಸಿ. ಅದು ಹರಿಯೋದು ಯಾವಾಗಲೂ ಏರಿನಲ್ಲೇ.

ಮಲೆನಾಡಿನ ರಸ್ತೆಗೆ ಅದರದೇ ಜಾರು ಜಾಗಗಳಿವೆ. ಮರದ ನೆರಳಲ್ಲಿ ಬಿಸಿಲು ಬೀಳದ ಕಡೆ ಡಾಂಬರಿನ ಅಂಚಲ್ಲಿ ಹಸಿರು ಪಾಚಿ, ಅದನ್ನ ಬಿಟ್ಟು ಲಾರಿ ಚಕ್ರ ಓಡಿದ ಗೆರೆಯಲ್ಲೇ ಹೋಗಿ. ಸುಗ್ಗಿಯಲ್ಲಿ ರಸ್ತೆ ಬದಿಗೆ ಸುರಿದ ಅಡಿಕೆ ಸಿಪ್ಪೆ ಕೊಳೆತು ಲೋಳೆಯಾಗಿರತ್ತೆ. ಮಣ್ಣು ರಸ್ತೆಯಿಂದ ಡಾಂಬರಿಗೆ ಹತ್ತೋ ಕಡೆ ಕೆಂಪು ಕೆಸರು. ಇಂಥ ಕಡೆ ನಿಯಮ ಒಂದೇ: ಅಲ್ಲಿಗೆ ತಲುಪೋಕೆ ಮುಂಚೆ ವೇಗ ಇಳಿಸಿ, ಅದರ ಮೇಲೆ ಬ್ರೇಕೂ ಬೇಡ, ಎಕ್ಸಲೇಟರೂ ಬೇಡ, ವಾಲಿಸೋದೂ ಬೇಡ. ಹಿಂದಿನ ಚಕ್ರ ಹಲವು ಗಾಡಿಗಳಲ್ಲಿ ಹತ್ತೇ ಇಂಚು, ಬೈಕ್ ದಾಟೋ ಹೊಂಡದಲ್ಲಿ ಇದು ಇಳಿದು ಕೂರತ್ತೆ.

ಒಂದು ಕೈಯಲ್ಲಿ ಕೊಡೆ ಹಿಡಿದು ಓಡಿಸೋರ ಹತ್ರ ವಾದ ಮಾಡಲ್ಲ. ಹಿಂದೆ ಕೂತವರು ಕೊಡೆ ಬಿಚ್ಚೋದೂ ಅಷ್ಟೇ ಅಪಾಯ, ಗಾಳಿಗೆ ಕೊಡೆ ಮಗುಚಿದ್ರೆ ಅವರೇ ಹಿಂದಕ್ಕೆ ಬೀಳ್ತಾರೆ. ರೇನ್‌ಕೋಟ್, ಸೆರಗು, ವೇಲ್ ಚಕ್ರಕ್ಕೆ ಸಿಗದ ಹಾಗೆ ಸಿಕ್ಕಿಸ್ಕೊಳ್ಳಿ. ಫುಟ್‌ಬೋರ್ಡಿನಲ್ಲಿ ತುಂಬಿದ ಗ್ಯಾಸ್ ಸಿಲಿಂಡರ್ ಇಟ್ರೆ ಅದೇ ಮೂವತ್ತು ಕೆಜಿ ಹತ್ರ ಬರತ್ತೆ. ಕಾಲಿಗೆ ಜಾಗ ಇಲ್ಲ, ಹ್ಯಾಂಡಲ್ ಪೂರ್ತಿ ತಿರುಗಲ್ಲ.

ಹದಿನೆಂಟು ಆಗದ ಮಕ್ಕಳಿಗೆ ಕೀ ಕೊಡಬೇಡಿ. ಹದಿನಾರಕ್ಕೆ ಲೈಸೆನ್ಸ್ ಸಿಗೋದು 50 ಸಿಸಿ ಒಳಗಿನ ಗಾಡಿಗೆ, ನಿಮ್ಮ ಮನೇಲಿರೋದು ಅದಲ್ಲ. 2019ರ ತಿದ್ದುಪಡಿ ಪ್ರಕಾರ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲೂ ಇದೆ. ಹೆಲ್ಮೆಟ್ ಐಎಸ್ಐ ಗುರುತಿನದಿರಲಿ, ಪಟ್ಟಿ ಗಲ್ಲದ ಕೆಳಗೆ ಇರಲಿ. ಹ್ಯಾಂಡಲ್‌ಗೆ ಯಾಕೆ ಹೆಲ್ಮೆಟ್, ಅದಕ್ಕೆ ತಲೆ ಇಲ್ಲ.

ಕೊನೆಗೆ ನೀರು. ಜುಲೈ ತಿಂಗಳಲ್ಲಿ ಹಳ್ಳ ಉಕ್ಕಿ ಮೋರಿ ಮೇಲೆ ಹರೀತಾ ಇದ್ರೆ ದಾಟಬೇಡಿ, ಆಳ ಗೊತ್ತಿದ್ರೂ ಸೆಳೆತ ಗೊತ್ತಿರಲ್ಲ. ನಿಂತ ನೀರಲ್ಲಿ ಹೋದ್ಮೇಲೆ ಎಂಜಿನ್ ಕೂಗತ್ತೆ, ಗಾಡಿ ಹೋಗಲ್ಲ ಅಂದ್ರೆ ಬೆಲ್ಟಿಗೆ ನೀರು ಹೊಕ್ಕು ಜಾರ್ತಾ ಇದೆ. ನಿಲ್ಲಿಸಿ, ಒಣಗಲಿ. ಬ್ರೇಕ್ ಒದ್ದೆ ಆಗಿರತ್ತೆ, ಹತ್ತರ ವೇಗದಲ್ಲಿ ಹಗುರ ಹಿಡಿದು ನಾಲ್ಕು ಸಲ ಒಣಗಿಸಿ ಮುಂದೆ ಹೋಗಿ. ನೀರಿನ ನಡುವೆ ಎಂಜಿನ್ ತಾನಾಗೇ ನಿಂತಿದ್ರೆ ಮಾತ್ರ ಬಟನ್ ಒತ್ತಬೇಡಿ, ಕಿಕ್ಕೂ ಹೊಡೀಬೇಡಿ. ಸಿಲಿಂಡರ್ ಒಳಗೆ ನೀರು ಹೋಗಿದ್ರೆ ಪಿಸ್ಟನ್ ಅದನ್ನ ಅದುಮೋಕೆ ಆಗಲ್ಲ, ಕನೆಕ್ಟಿಂಗ್ ರಾಡ್ ಬಾಗತ್ತೆ, ಎಂಜಿನ್ ಬಿಚ್ಚಬೇಕಾಗತ್ತೆ. ತಳ್ಕೊಂಡು ದಡಕ್ಕೆ ತನ್ನಿ. ಮೆಕ್ಯಾನಿಕ್ ಬಂದು ಸ್ಪಾರ್ಕ್ ಪ್ಲಗ್ ಬಿಚ್ಚಿ, ನೀರು ಹೊರಗೆ ಹಾಕಿ, ಏರ್ ಫಿಲ್ಟರ್ ಮತ್ತು ಆಯಿಲ್ ನೋಡಿದ ಮೇಲೆ ಸ್ಟಾರ್ಟ್. ಆಯಿಲ್ ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿದ್ರೆ ನೀರು ಸೇರಿದೆ, ಅದನ್ನ ಪೂರ್ತಿ ಚೆಲ್ಲಿ ಹೊಸದು ಹಾಕದೇ ಒಂದು ಕಿಲೋಮೀಟರೂ ಓಡಿಸಬೇಡಿ.