ಬರ್ಸರ್ಕ್: ನಾಲ್ಕನೇ ಸಲ ಅದೇ ಗೋಲ್ಡನ್ ಏಜ್ ಬೇಡ

ಬರ್ಸರ್ಕ್ ಅನ್ನೋದು ಮಿಯುರಾ ಕೆಂಟಾರೊ ಬರೆದ ಮಾಂಗಾ, ಅಂದ್ರೆ ಜಪಾನಿ ಕಾಮಿಕ್ಸ್; ಅದರ ಅನಿಮೇಷನ್ ರೂಪವೇ ಅನಿಮೆ. ಯೂಟ್ಯೂಬ್ ತೆಗೆದ್ರೆ ಸಾಕು, ‘ಬರ್ಸರ್ಕ್ ಹೊಸ ಅನಿಮೆ, ಟ್ರೈಲರ್ ಬಂತು’ ಅಂತ ಒಂದು ಥಂಬ್‌ನೇಲ್ ಕಣ್ಣಿಗೆ ಬಿದ್ದೇ ಬೀಳುತ್ತೆ. ಒತ್ತಿ ನೋಡಿದ್ರೆ ಎಐ ಹತ್ರ ಮಾಡಿಸಿದ ನಾಲ್ಕು ಚಿತ್ರ, ಹಿಂದೆ ಒಂದು ಅಳುಮುಂಜಿ ಮ್ಯೂಸಿಕ್. ಇಂಥದ್ರ ಮಧ್ಯೆ ಕಷ್ಟಪಟ್ಟು ಕೆಲಸಕ್ಕೆ ಕೂತಿರೋದು ಸ್ಟುಡಿಯೋ ಎಕ್ಲಿಪ್ಸ್ ಅನ್ನೋ ಅಭಿಮಾನಿಗಳ ತಂಡ. ಅವರ ‘ದಿ ಬ್ಲ್ಯಾಕ್ ಸ್ವೋರ್ಡ್ಸ್‌ಮನ್’ ಟೀಸರ್ ನೋಡಿದವರೆಲ್ಲ ಒಂದೇ ಜಗಳಕ್ಕೆ ಬಿದ್ದಿದಾರೆ: ಅಧಿಕೃತವಾಗಿ ಮಾಡೋದಾದ್ರೆ ಯಾವ ಸ್ಟುಡಿಯೋ? ಮಾಪ್ಪಾನಾ, ಯುಫೋಟೇಬಲ್ಲಾ, ವಿಟ್ಟಾ?

ಯಾರಾದ್ರೂ ಮಾಡ್ಕೊಳ್ಲಿ. ಕಥೆನ ಎಲ್ಲಿಂದ ಶುರು ಮಾಡ್ತಾರೆ? ಇದನ್ನ ಮೊದಲು ಕೇಳಿ.

ಯಾಕಂದ್ರೆ ಗೋಲ್ಡನ್ ಏಜ್, ಅಂದ್ರೆ ಹೀರೋ ಗಟ್ಸ್‌ನ ಹಳೇ ದಿನಗಳ ಕಥೆ, ನಮಗೆ ಈಗಾಗ್ಲೇ ಮೂರು ಸಲ ಬಡಿಸಿ ಆಗಿದೆ. 1997ರಲ್ಲಿ 25 ಎಪಿಸೋಡ್. 2012-13ರಲ್ಲಿ ಮೂರು ಸಿನಿಮಾ. 2022ರಲ್ಲಿ ಅದೇ ಸಿನಿಮಾಗಳನ್ನ ಕತ್ತರಿಸಿ, ಸ್ವಲ್ಪ ಹೊಸದು ಸೇರಿಸಿ ಟಿವಿಗೆ. ಗಟ್ಸ್, ಅವನ ದಂಡಿನ ನಾಯಕ ಗ್ರಿಫಿತ್, ಜೊತೆಗಾರ್ತಿ ಕಾಸ್ಕಾ, ಕೊನೆಗೆ ಗ್ರಹಣ. ಅದ್ಭುತ ಕಥೆ, ಒಪ್ಪೋಣ. ಆದ್ರೆ ಮಾಂಗಾದಲ್ಲಿ ಅದು ಫ್ಲ್ಯಾಶ್‌ಬ್ಯಾಕ್. ಶುರುವಾಗೋದೇ ಮೂರನೇ ಸಂಪುಟದಲ್ಲಿ.

1989ರಲ್ಲಿ ಮಿಯುರಾ ಕೆಂಟಾರೊ ಓದುಗರ ಮುಂದೆ ತಂದು ನಿಲ್ಲಿಸಿದ್ದು ಒಬ್ಬ ಕೆಟ್ಟ ಬಾಯಿಯ ಒಂಟಿ ಕಣ್ಣಿನವನನ್ನ. ಒಂದು ಕೈ ಇಲ್ಲ, ಅದರ ಜಾಗದಲ್ಲಿ ಫಿರಂಗಿ. ಪಕ್ ಅನ್ನೋ ಪುಟಾಣಿ ಎಲ್ಫ್ ಹಿಂದೆ ಬಿದ್ರೆ ಬೈದು ಅಟ್ತಾನೆ. ಒಬ್ಬ ಕೌಂಟ್‌ನ ಬೇಟೆಯಾಡೋಕೆ ಹೋದವನು ಆ ಕೌಂಟ್‌ನ ಮಗಳು, ಏನೂ ಅರಿಯದ ತೆರೇಸಿಯಾನ, ಒತ್ತೆ ಹಿಡೀತಾನೆ. ಇವನೇ ನಮ್ಮ ಹೀರೋ ಗಟ್ಸ್, ಕಪ್ಪು ಕತ್ತಿಗಾರ! ಓದ್ತಾ ಓದ್ತಾ ‘ಥೂ, ಇವನು ಯಾಕೆ ಹೀಗಾದ’ ಅನ್ನಿಸ್ಬೇಕು. ಗೋಲ್ಡನ್ ಏಜ್ ಬರೋದು ಅದಕ್ಕೆ ಉತ್ತರವಾಗಿ.

ಸ್ಪಾಯ್ಲರ್ ಇದೆ, ಮೂವತ್ತು ವರ್ಷ ದಾಟಿದ ಕಥೆ, ಸಹಿಸ್ಕೊಳ್ಳಿ. ಸಾಯೋ ಹೊತ್ತಲ್ಲಿ ಆ ಕೌಂಟ್ ಮುಂದೆ ಗಾಡ್ ಹ್ಯಾಂಡ್ ಅನ್ನೋ ದುಷ್ಟಶಕ್ತಿಗಳ ಗುಂಪು ಬಂದು ನಿಲ್ಲುತ್ತೆ. ಮಗಳನ್ನ ಬಲಿ ಕೊಡು, ಬದುಕ್ತೀಯ. ಮನುಷ್ಯರನ್ನ ತಿನ್ನೋ ಆ ರಾಕ್ಷಸ, ಅವನ ಕೈಲಿ ಆಗಲ್ಲ. ಮಗಳ ಕಣ್ಣೆದುರೇ ನರಕಕ್ಕೆ ಎಳ್ಕೊಂಡು ಹೋಗ್ತಾರೆ. ಇದನ್ನ ಓದಿಕೊಂಡು ಮುಂದೆ ಹೋದವನಿಗೆ, ಗ್ರಹಣದ ದಿನ ಗ್ರಿಫಿತ್ ತನ್ನ ಇಡೀ ದಂಡನ್ನ ಬಲಿ ಕೊಡೋದು ಬೇರೆ ಥರ ತಟ್ಟುತ್ತೆ. ರಾಕ್ಷಸ ಮಾಡದೇ ಇದ್ದದ್ದನ್ನ ಆ ಚಿನ್ನದಂಥ ನಾಯಕ ಮಾಡ್ತಾನೆ. ಈ ಹೋಲಿಕೆಗೆ ಅಂತಲೇ ಮಿಯುರಾ ಕೌಂಟ್‌ನ ಮೊದಲು ಇಟ್ಟಿರೋದು ಅಂತ ನನ್ನ ವಾದ. 1997ರ ಮೊದಲ ಎಪಿಸೋಡಲ್ಲಿ ಕಪ್ಪು ಕತ್ತಿಗಾರ ಬರ್ತಾನೆ, ಕೌಂಟ್ ಬರಲ್ಲ. ಸಿನಿಮಾಗಳಂತೂ ಆ ಭಾಗಕ್ಕೇ ಕೈ ಹಾಕ್ಲಿಲ್ಲ.

ಗೋಲ್ಡನ್ ಏಜ್ ನಂತರದ ಕಥೆ ಹೇಳಿದ 2016ರ ಸೀರೀಸ್ ಬಗ್ಗೆ ಜಾಸ್ತಿ ಹೇಳಲ್ಲ. ಅದರ ಸಿಜಿ (ಕಂಪ್ಯೂಟರ್ ಚಿತ್ರ) ಬೈದು ಬೈದು ಎಲ್ಲರ ಬಾಯಿ ನೋವಾಗಿದೆ. ಮಿಯುರಾ ಒಂದು ಫ್ರೇಮಲ್ಲಿ ಎಳೆಯೋ ಗೆರೆಗಳನ್ನ ಸೆಕೆಂಡಿಗೆ ಎಂಟೋ ಹನ್ನೆರಡೋ ಸಲ ಮತ್ತೆ ಬರೀಬೇಕು ಅಂದ್ರೆ ಯಾವ ಸ್ಟುಡಿಯೋನೂ ಬೆವರುತ್ತೆ. 1997ರವರ ಹತ್ರ ದುಡ್ಡಿರಲಿಲ್ಲ, ಬುದ್ಧಿ ಇತ್ತು: ಮುಖ್ಯ ಗಳಿಗೆ ಬಂದಾಗ ಚಲನೆ ನಿಲ್ಲಿಸಿ ಒಂದೇ ಪೇಂಟಿಂಗ್ ಇಟ್ರು, ಹಿಂದೆ ಹಿರಾಸಾವಾ ಸುಸುಮು ಸಂಗೀತ. ಸಾಕಾಯ್ತು.

‘ಮಾಂಗಾ ಮುಗೀಲಿ, ಆಮೇಲೆ ಅನಿಮೆ’ ಅನ್ನೋರೂ ಇದಾರೆ. 2021ರ ಮೇ ತಿಂಗಳಲ್ಲಿ, 54ನೇ ವಯಸ್ಸಿಗೆ ಮಿಯುರಾ ತೀರಿಕೊಂಡ್ರು. 2022ರ ಜೂನ್‌ನಿಂದ ಅವರ ಗೆಳೆಯ ಮೋರಿ ಕೌಜಿ, ಮಿಯುರಾ ಹೇಳಿದ್ದ ಕಥೆನ ನೆನಪಿಟ್ಕೊಂಡು, ಮಿಯುರಾ ಅವರದೇ ಸ್ಟುಡಿಯೋ ಗಾಗಾದ ಶಿಷ್ಯರ ಜೊತೆ ಮುಂದುವರಿಸ್ತಿದಾರೆ. ಅದು ನಿಧಾನವಾಗೇ ಬರ್ಲಿ. ಮೊದಲ ಹದಿನಾರು ಸಂಪುಟ ಯಾವತ್ತೋ ಮುಗಿದಿದೆಯಲ್ಲ, ಅದಕ್ಕೆ ಕಾಯೋದೇನಿದೆ?

ಹದಿನಾರು ಯಾಕಂದ್ರೆ, ‘ಲಾಸ್ಟ್ ಚಿಲ್ಡ್ರನ್’ ಅನ್ನೋ ಭಾಗ ಅಲ್ಲಿಗೆ ಮುಗಿಯುತ್ತೆ. ಮಂಜಿನ ಕಣಿವೆ, ಪತಂಗದ ರೆಕ್ಕೆ ಬಂದಿರೋ ಹುಡುಗಿ ರೋಸೀನ್, ಅವಳು ಹೊತ್ಕೊಂಡು ಹೋಗಿ ಎಲ್ಫ್ ಥರ ಮಾಡಿದ ಮಕ್ಕಳು. ಆ ಮಕ್ಕಳು ಯುದ್ಧದಾಟ ಆಡ್ತಾರೆ, ಆಟದಲ್ಲೇ ಒಬ್ಬರನ್ನೊಬ್ಬರು ಸಾಯಿಸ್ತಾರೆ. ಅವರನ್ನ ಬೆಂಕಿ ಹಚ್ಚಿ ಸುಡೋದು ಗಟ್ಸ್. 2016ರ ಸೀರೀಸ್ ಇದನ್ನ ಪೂರ್ತಿ ಹಾರಿಸಿ ಮುಂದೆ ಹೋಯ್ತು. ಸುಟ್ಟ ಮಕ್ಕಳನ್ನ ಟಿವಿಯಲ್ಲಿ ತೋರಿಸೋಕೆ ಯಾವ ಚಾನೆಲ್‌ಗೆ ಧೈರ್ಯ ಇದೆ ಹೇಳಿ? ಮುಂದಿನ ಸಲ ನಿಜವಾದ ಪ್ರಕಟಣೆ ಬಂದ್ರೆ, ಸ್ಟುಡಿಯೋ ಹೆಸರು ಬಿಟ್ಟು ಪೋಸ್ಟರ್‌ನಲ್ಲಿ ರೋಸೀನ್ ಇದಾಳಾ ಅಂತ ನಾನು ಮೊದಲು ಹುಡುಕ್ತೀನಿ.