ಕುದುರೆ ಮರಿಯ ಹೊಣೆ ಯಾರದು?

ಎಲ್ಲರಿಗೂ ನಮಸ್ಕಾರ.

ಟಾಂಗಾ ಓಡಿಸುವವರು, ಮದುವೆ ಮೆರವಣಿಗೆಗೆ ಕುದುರೆ ಕೊಡುವವರು, ಕುದುರೆ ಅಂದರೆ ಇಷ್ಟ ಅಂತ ಸುಮ್ನೆ ಬಂದವರು, ಎಲ್ಲರೂ ಇಲ್ಲಿದ್ದೀರಿ. ರಸ್ತೆಯಲ್ಲಿ ಪಕ್ಕೆಲುಬು ಎಣಿಸುವಂತಿರುವ ಕುದುರೆ ಕಂಡರೆ ನಮಗೆ ಅದರ ಈಗಿನ ಯಜಮಾನನ ಮೇಲೆ ಸಿಟ್ಟು ಬರುತ್ತದೆ. ಆದರೆ ಅದರ ಕಷ್ಟ ಎಷ್ಟೋ ಸಲ ಶುರುವಾಗಿರುವುದು ಅದು ಹುಟ್ಟುವ ಮೊದಲೇ. ಹಿಂದೆ ಮುಂದೆ ನೋಡದೆ ಹೆಣ್ಣು ಕುದುರೆಗೆ ಗಂಡು ಬಿಡಿಸಿದರಲ್ಲ, ಆ ದಿನವೇ.

ಚೆನ್ನಾಗಿ ನೋಡಿಕೊಂಡರೆ ಕುದುರೆ 25–30 ವರ್ಷ ಬದುಕುತ್ತದೆ. ರೇಸಿನಲ್ಲಿ ಓಡುವುದು ಕೆಲವೇ ವರ್ಷ. ಮೆರವಣಿಗೆಯಲ್ಲಿ ಮೆರೆಯುವುದೂ ಹರೆಯ ಇರುವ ತನಕ. ಉಳಿದ ವರ್ಷಗಳಿಗೆ ಮೇವು ಯಾರು ಹಾಕುತ್ತಾರೆ? ಮರಿ ಮಾಡಿಸುವವರು ಮೊದಲು ಉತ್ತರ ಹೇಳಬೇಕಾದ ಪ್ರಶ್ನೆ ಇದು.

ತುಮಕೂರು ಜಿಲ್ಲೆಯ ಕುಣಿಗಲ್‌ನಲ್ಲಿ ಟಿಪ್ಪು ಸುಲ್ತಾನನ ಕಾಲದಿಂದ ಕುದುರೆ ಸಾಕುತ್ತಾ ಬಂದಿದ್ದಾರೆ. ರೇಸಿನ ಥರೋಬ್ರೆಡ್ ತಳಿಯ ಮರಿ ಹುಟ್ಟಿದರೆ ಅದರ ತಂದೆ ಯಾರು, ತಾಯಿ ಯಾರು ಅನ್ನುವುದು ಸ್ಟಡ್ ಬುಕ್ ಎಂಬ ವಂಶಾವಳಿ ಪುಸ್ತಕದಲ್ಲಿ ದಾಖಲಾಗುತ್ತದೆ. ಟಾಂಗಾಕ್ಕೆ, ಮದುವೆಗೆ, ಪ್ರವಾಸಿಗರ ಸವಾರಿಗೆ ಬರುವ ಹೆಚ್ಚಿನ ಕುದುರೆಗಳಿಗೆ ಇಂಥ ಒಂದು ಚೀಟಿಯೂ ಇಲ್ಲ. ದಾಖಲೆ ಇಲ್ಲದ ಪ್ರಾಣಿ ಕೈ ಬದಲಾಗುತ್ತಾ ಹೋದರೆ ಕೇಳುವವರೇ ಇರುವುದಿಲ್ಲ.

2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 6.2 ಲಕ್ಷ ಕುದುರೆಗಳಿದ್ದವು. 2019ರ ಹೊತ್ತಿಗೆ ಅದು 3.4 ಲಕ್ಷಕ್ಕೆ ಇಳಿಯಿತು. ಹಾಗಾದರೆ ಜಾಸ್ತಿ ಮರಿ ಮಾಡಿಸಬೇಕಲ್ವಾ ಅಂತ ಕೇಳುವವರಿದ್ದಾರೆ. ಮಾರ್ವಾಡಿ, ಕಾಠಿಯಾವಾಡಿ, ಮಣಿಪುರಿ, ನಮ್ಮ ದಖನ್ನಿನ ಭೀಮಥಡಿ ತಳಿಗಳು ಉಳಿಯಬೇಕು, ಅದು ನನ್ನ ಆಸೆಯೂ ಹೌದು. ಆದರೆ ತಳಿ ಉಳಿಸುವುದು ಬೇರೆ, ಬಣ್ಣ ನೋಡಿ ಮರಿ ಮಾಡಿಸುವುದು ಬೇರೆ. ಮದುವೆಗೆ ಬಿಳಿ ಕುದುರೆ ಬೇಕು, ಮಾರ್ವಾಡಿಯ ಕಿವಿ ತುದಿ ಒಂದಕ್ಕೊಂದು ತಾಗಬೇಕು, ಸುಳಿ ಸರಿಯಾದ ಜಾಗದಲ್ಲಿರಬೇಕು. ಸುಳಿ ಸರಿಯಿಲ್ಲ ಅಂದರೆ ಬೆಲೆ ಬಿತ್ತು. ಅಗ್ಗಕ್ಕೆ ಸಿಕ್ಕಿತು ಅಂತ ಕೊಂಡವರು ಅದಕ್ಕೆ ಜಾಸ್ತಿ ಖರ್ಚು ಮಾಡುವುದೂ ಇಲ್ಲ. ಕೂದಲಿನ ಒಂದು ಸುಳಿಗಾಗಿ ಪ್ರಾಣಿ ಜೀವನಪೂರ್ತಿ ಏಟು ತಿನ್ನುವುದು ನನಗೆ ಸಹಿಸಲು ಆಗುವುದಿಲ್ಲ.

ಮೈಕಟ್ಟು ಒಂದನ್ನೇ ನೋಡಿದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಉದಾಹರಣೆ ಇದೆ. 1969ರಲ್ಲಿ ಹುಟ್ಟಿದ ಇಂಪ್ರೆಸಿವ್ ಎಂಬ, ಕ್ವಾರ್ಟರ್ ಹಾರ್ಸ್ ತಳಿಯ ಗಂಡು ಕುದುರೆಗೆ ನೋಡಿದವರು ಮರುಳಾಗುವಂಥ ಮಾಂಸಖಂಡವಿತ್ತು. ಅದರಿಂದ ಎರಡು ಸಾವಿರಕ್ಕೂ ಹೆಚ್ಚು ಮರಿ ಹುಟ್ಟಿದವು. ಮಾಂಸಖಂಡ ಇದ್ದಕ್ಕಿದ್ದಂತೆ ನಡುಗಿ, ಕುದುರೆ ಕುಸಿದು ಬೀಳುವ ಒಂದು ಕಾಯಿಲೆಯೂ ಅದೇ ರಕ್ತದಲ್ಲಿ ಹರಡಿತು. ಅದು ಗೊತ್ತಾಗುವ ಹೊತ್ತಿಗೆ ತಲೆಮಾರುಗಳೇ ದಾಟಿದ್ದವು.

ಇನ್ನು ಲಾಯದ ವಿಷಯಕ್ಕೆ ಬರೋಣ. ಹೆಣ್ಣು ಕುದುರೆಗೆ ಮೂರು ನಾಲ್ಕು ವರ್ಷ ಆಗುವ ತನಕ ಗಂಡು ಬಿಡಿಸಬೇಡಿ. ಬಿಡಿಸುವ ಮೊದಲು ಎರಡಕ್ಕೂ ರಕ್ತ ಪರೀಕ್ಷೆ ಮಾಡಿಸಿ. ಗ್ಲ್ಯಾಂಡರ್ಸ್ ಎಂಬ ಸೋಂಕು ರೋಗ ಇದ್ದರೆ ಅದು ಮನುಷ್ಯರಿಗೂ ಹರಡುತ್ತದೆ, ಬಂದ ಕುದುರೆಯನ್ನು ಉಳಿಸಿಕೊಳ್ಳಲು ಕಾನೂನು ಬಿಡುವುದಿಲ್ಲ. ಗಬ್ಬ ಸುಮಾರು 11 ತಿಂಗಳು. ಮರಿ ಹಾಕಿ ಏಳರಿಂದ ಹತ್ತು ದಿನಕ್ಕೆ ಕುದುರೆ ಮತ್ತೆ ಬೆದೆಗೆ ಬರುತ್ತದೆ. ಆಗಲೇ ಗಂಡು ಬಿಡಿಸಿ ವರ್ಷಕ್ಕೊಂದು ಮರಿ ತೆಗೆಯುವವರಿದ್ದಾರೆ. ಒಂದು ಮರಿಗೆ ಹಾಲು, ಹೊಟ್ಟೆಯಲ್ಲಿ ಇನ್ನೊಂದು, ಮೇಲೆ ಗಾಡಿಯ ನೊಗ! ಅದರ ಮೈಯಲ್ಲಿ ಏನು ಉಳಿಯುತ್ತದೆ ಹೇಳಿ.

ಮರಿ ಹಾಕಿದ ಹೊತ್ತಿಗೆ ಒಂದು, ಎರಡು, ಮೂರು ಅಂತ ನೆನಪಿಟ್ಟುಕೊಳ್ಳಿ. ಒಂದು ಗಂಟೆಯೊಳಗೆ ಮರಿ ಎದ್ದು ನಿಲ್ಲಬೇಕು. ಎರಡು ಗಂಟೆಯೊಳಗೆ ಗಿಣ್ಣು ಹಾಲು ಕುಡಿಯಬೇಕು. ಮೂರು ಗಂಟೆಯೊಳಗೆ ಸತ್ತೆ, ಅಂದರೆ ಮಾಸು, ಬೀಳಬೇಕು. ಹಸುವಿಗಾದರೆ ಸತ್ತೆ ಬೀಳಲು ಅರ್ಧ ದಿನ ಕಾಯುತ್ತೀರಿ, ಕುದುರೆಗೆ ಹಾಗೆ ಕಾಯಬೇಡಿ. ಒಳಗೆ ಉಳಿದರೆ ನಂಜಾಗುತ್ತದೆ, ಗೊರಸಿಗೆ ಊತ ಇಳಿದು ಕುಂಟಾಗಬಹುದು. ಕೈ ಹಾಕಿ ಎಳೆಯಬೇಡಿ, ಡಾಕ್ಟರನ್ನು ಕರೆಸಿ. ಗಿಣ್ಣಿನಲ್ಲಿರುವ ರೋಗ ತಡೆಯುವ ಶಕ್ತಿ ಮೊದಲ ದಿನ ಮಾತ್ರ ಮರಿಯ ರಕ್ತಕ್ಕೆ ಸೇರುತ್ತದೆ. ಅದಕ್ಕೇ ಆ ಕೆಲವು ಗಂಟೆ ಪಕ್ಕದಲ್ಲೇ ಇರಿ.

ತಳಿಗೆ ಬೇಡದ ಗಂಡು ಮರಿಗಳಿಗೆ ಡಾಕ್ಟರಿಂದಲೇ ಬೀಜ ತೆಗೆಸಿ. ಒಂದು ಸಣ್ಣ ಆಪರೇಷನ್ನಿನಿಂದ ಎಷ್ಟು ಹಸಿದ ಮರಿಗಳು ಹುಟ್ಟುವುದೇ ತಪ್ಪುತ್ತದೆ!

ಈಗ ದೂರಿನ ವಿಷಯ. ಸೊರಗಿದ ಕುದುರೆಯೆಲ್ಲ ಹಿಂಸೆಗೆ ಒಳಗಾದದ್ದು ಅಂತಲ್ಲ. ವಯಸ್ಸಾಗಿರಬಹುದು, ಚಿಕಿತ್ಸೆ ನಡೆಯುತ್ತಿರಬಹುದು. ಹತ್ತಿರ ಹೋಗಿ ಸಾಕಿದವರನ್ನು ಮಾತಾಡಿಸಿ. ಔಷಧಿ ಕಾಣುತ್ತಿದೆಯಾ, ನೀರಿನ ತೊಟ್ಟಿ ತುಂಬಿದೆಯಾ ನೋಡಿ. ಒಂದು ಕುದುರೆಗೆ ದಿನಕ್ಕೆ 25ರಿಂದ 40 ಲೀಟರ್ ನೀರು ಬೇಕು. ಬೆನ್ನುಮೂಳೆ ಎದ್ದಿದೆ, ಗೊರಸು ಬೆಳೆದು ಮೇಲಕ್ಕೆ ತಿರುಗಿದೆ, ಜೀನು ಉಜ್ಜಿದ ಹಸಿ ಹುಣ್ಣಿನ ಮೇಲೆಯೇ ಮತ್ತೆ ಜೀನು ಕಟ್ಟಿದ್ದಾರೆ ಅಂದರೆ ಸುಮ್ಮನಿರಬೇಡಿ. ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳ ಹಿಂಸೆ ತಡೆಯಲು ಮಾಡಿದ 1965ರ ನಿಯಮಗಳ ಪ್ರಕಾರ ದಿನಕ್ಕೆ ಒಂಬತ್ತು ಗಂಟೆಗಿಂತ ಜಾಸ್ತಿ, ಬಿಡುವಿಲ್ಲದೆ ಐದು ಗಂಟೆಗಿಂತ ಜಾಸ್ತಿ ದುಡಿಸುವಂತಿಲ್ಲ. ಬಿಸಿಲು 37 ಡಿಗ್ರಿ ದಾಟಿದ ಕಡೆ ಮಧ್ಯಾಹ್ನ 12ರಿಂದ 3ರ ತನಕ ಗಾಡಿಗೆ ಹೂಡುವಂತಿಲ್ಲ. ಮುಳ್ಳಿನ ಕಡಿವಾಣಕ್ಕೆ ಪೂರ್ತಿ ನಿಷೇಧವಿದೆ.

ಪ್ರಾಣಕ್ಕೆ ಅಪಾಯ ಅನ್ನಿಸಿದರೆ 112ಕ್ಕೆ ಫೋನ್ ಮಾಡಿ. ಪಶು ವೈದ್ಯರಿಗೆ 1962. ಫೋಟೋ, ವಿಡಿಯೋ ತೆಗೆಯುವಾಗ ಕುದುರೆಯ ಜೊತೆ ಜಾಗ ಗುರುತಾಗುವ ಒಂದು ಬೋರ್ಡೂ ಬೀಳಲಿ. ದಿನಾಂಕ, ಸಮಯ ಬರೆದಿಡಿ. ಕಂಡದ್ದನ್ನು ಮಾತ್ರ ಬರೆಯಿರಿ, ಕೇಳಿದ್ದನ್ನು ಬೇರೆಯಾಗಿ ಬರೆಯಿರಿ. ಬೇರೆಯವರ ಲಾಯಕ್ಕೆ ನುಗ್ಗಬೇಡಿ, ಹಗ್ಗ ಬಿಚ್ಚಿ ಓಡಿಸಬೇಡಿ. ಜಗಳ ಆದರೆ ಸಾಕ್ಷಿ ರಾತ್ರೋರಾತ್ರಿ ಬೇರೆ ಊರಿಗೆ ಹೋಗಿಬಿಡುತ್ತದೆ.

ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ಹೊಡೆಯುವುದು, ಉಪವಾಸ ಕೆಡವುವುದು, ಗಾಯವಾದದ್ದನ್ನು ದುಡಿಸುವುದು ಎಲ್ಲ ಅಪರಾಧವೇ. ಆದರೆ ಮೊದಲ ಸಲದ ದಂಡ 10ರಿಂದ 50 ರೂಪಾಯಿ. ದಶಕಗಳು ದಾಟಿದರೂ ಈ ಮೊತ್ತ ಬದಲಾಗಿಲ್ಲ, ಬದಲಾಗಲೇಬೇಕು ಅಂತ ನಾನು ಎಲ್ಲ ವೇದಿಕೆಯಲ್ಲೂ ಹೇಳುತ್ತೇನೆ. ಕುದುರೆಯನ್ನು ಕೊಂದಿದ್ದರೆ, ಅಂಗ ಊನ ಮಾಡಿದ್ದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ನನ್ನೂ ದೂರಿನಲ್ಲಿ ಕಾಣಿಸಿ. ಅದರಲ್ಲಿ ಐದು ವರ್ಷದವರೆಗೆ ಶಿಕ್ಷೆ ಇದೆ. 1960ರ ಕಾಯ್ದೆಯಡಿ ಘಟನೆ ನಡೆದ ಮೂರು ತಿಂಗಳೊಳಗೆ ಮೊಕದ್ದಮೆ ಹೂಡಬೇಕು. ನಾಳೆ ನೋಡೋಣ ಅಂದುಕೊಂಡೇ ಎಷ್ಟೋ ಕೇಸು ಸತ್ತು ಹೋಗುತ್ತವೆ.

ಕೊನೆಗೊಂದು ಮಾತು, ಕುದುರೆ ಸಾಕುವವರಿಗೆ. ದೂರು ಅಂದಕೂಡಲೇ ಹೆದರಬೇಡಿ. ಮೇವಿನ ಬೆಲೆ ಏರಿ ಕೈ ಸೋತಿದ್ದರೆ, ಯಾರೋ ಬಂದು ಕೇಳುವ ಮೊದಲೇ ನೀವಾಗಿ ಪಶು ಆಸ್ಪತ್ರೆಗೆ ಹೋಗಿ ಹೇಳಿ. ಅಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಈಗ ಪ್ರಶ್ನೆಗಳನ್ನು ಕೇಳಿ. ಲಾಯ ಇಟ್ಟುಕೊಂಡವರು ಮೊದಲು ಮಾತಾಡಲಿ.