ಸೆಟ್ ಅಂದರೆ ಯಾವ ಸೆಟ್?

ಮಾಷ್ಟ್ರುಗಳೇ, ಟೀಚರುಗಳೇ, ಎಲ್ಲರಿಗೂ ನಮಸ್ಕಾರ.

ಕಾಸರಗೋಡಿನ ಕನ್ನಡ ಮಾಧ್ಯಮದಲ್ಲಿ ಇಂಗ್ಲಿಷ್ ಕಲಿಸುವವರು ನೀವು. ದೊಡ್ಡ ದೊಡ್ಡ ಶಬ್ದಗಳ ಚಿಂತೆ ಬಿಡಿ. ಅವು ಒಂದೇ ಅರ್ಥ ಹೊತ್ತುಕೊಂಡು ತಮ್ಮ ಪಾಡಿಗೆ ಇರುತ್ತವೆ. ತಲೆ ತಿನ್ನುವುದು ಸಣ್ಣವು. ಇವತ್ತಿನದ್ದು ‘ಸೆಟ್’.

ಮಕ್ಕಳು ‘ಸೆಟ್ ಎಂದರೆ ಇಡು’ ಎಂದು ಬಾಯಿಪಾಠ ಮಾಡುತ್ತಾರೆ. ಆಮೇಲೆ ಪಾಠದಲ್ಲಿ ಸೂರ್ಯ ಸೆಟ್ ಆಗುತ್ತಾನೆ. ಅವನನ್ನು ಎಲ್ಲಿ ಇಡುವುದು? ನಾನು ಹೋದಲ್ಲೆಲ್ಲ ಹೇಳುವುದು ಒಂದೇ: ಶಬ್ದವನ್ನು ಒಂಟಿಯಾಗಿ ಕಲಿಸಬೇಡಿ, ಪಕ್ಕದ ಶಬ್ದದ ಜೊತೆ ಕಲಿಸಿ.

ನಮ್ಮ ಮನೆಯ ಕತೆ ಕೇಳಿ. ಶಾಲೆಯಲ್ಲಿ ಓಣಂ. ಅಣ್ಣನ ಮಗಳು ನನ್ನ ತಮ್ಮನಿಗೆ ಫೋನ್ ಮಾಡಿ, “ಚಿಕ್ಕಪ್ಪ, ಪೇಟೆಯಿಂದ ಬರುವಾಗ ಒಂದು ಸೆಟ್ ತನ್ನಿ” ಎಂದಳು. ಅವನಿಗೋ ತೋಟದ ಪಂಪ್‌ಸೆಟ್ ಕೆಟ್ಟ ಚಿಂತೆ. ಅಂಗಡಿಯಿಂದ ಕೇಳಿದ, “ಒಂದೂವರೆ ಎಚ್‌ಪಿ ಸಾಕಾ, ಮೂರು ಬೇಕಾ?” ಇವಳಿಗೆ ಸರಿಯಾಗಿ ಕೇಳಿಸಲಿಲ್ಲ. “ಅಂಚು ಅಗಲ ಇರ್ಲಿ” ಎಂದಳು. “ಅಂಚಾ? ಅದು ಬಾವಿಯೊಳಗೆ ಇಳಿಸುವಂಥದ್ದು ಮಾರಾಯ್ತಿ!” “ಬಾವಿಗೆ ಯಾಕೆ? ನಾಳೆ ಉಟ್ಕೊಂಡು ಹೋಗ್ಬೇಕು ನಂಗೆ!” ಪಕ್ಕದಲ್ಲಿದ್ದ ಅಂಗಡಿಯವನು ಮಲಯಾಳದಲ್ಲಿ “ಸೆಟ್ ಆಯೋ?” ಅಂತ ಕೇಳಿದನಂತೆ. ಅದು ಮೂರನೇ ಸೆಟ್, ವ್ಯಾಪಾರ ಕುದುರಿತಾ ಅಂತ! ಇಬ್ಬರದ್ದೂ ತಪ್ಪಿಲ್ಲ. ಅವನದ್ದು ಪಂಪ್‌ಸೆಟ್, ಇವಳದ್ದು ಓಣಂಗೆ ಉಡುವ ಸೆಟ್ ಸೀರೆ. ‘ಪಂಪ್’, ‘ಸೀರೆ’ ಎಂಬ ಪಕ್ಕದ ಶಬ್ದ ಬಿಟ್ಟುಹೋಗಿತ್ತು, ಅಷ್ಟೇ.

ಆಕ್ಸ್‌ಫರ್ಡಿನ ದೊಡ್ಡ ನಿಘಂಟಿನವರಿಗೂ ಇದೇ ಗೋಳು. 1989ರ ಎರಡನೇ ಆವೃತ್ತಿಯಲ್ಲಿ ‘ಸೆಟ್’ ಕ್ರಿಯಾಪದಕ್ಕೆ ಸುಮಾರು 430 ಅರ್ಥ, ವಿವರಣೆ 60,000 ಶಬ್ದ. ಒಂದು ಕಾದಂಬರಿಯಷ್ಟು! ಆಮೇಲೆ ಪರಿಷ್ಕರಣೆಯಲ್ಲಿ ‘ರನ್’ 645 ಅರ್ಥಗಳೊಂದಿಗೆ ಅದನ್ನು ಹಿಂದೆ ಹಾಕಿತು. ಪೀಟರ್ ಗಿಲಿವರ್ ಎಂಬ ನಿಘಂಟುಕಾರರು ಆ ಒಂದು ಶಬ್ದಕ್ಕೆ ಒಂಬತ್ತು ತಿಂಗಳು ಕೂತರು. ಇಷ್ಟು ಅರ್ಥ ಹುಟ್ಟಿದ್ದು ಹೇಗೆ? ಮತ್ತೆ ಅದೇ, ಪಕ್ಕದ ಶಬ್ದ. ಕಾಂಕ್ರೀಟ್ ಸೆಟ್ ಆದರೆ ಗಟ್ಟಿ, ಅಲಾರಂ ಸೆಟ್ ಮಾಡಿದರೆ ನಿದ್ದೆ ಹಾಳು.

ಅದು ಒಂದೇ ಮನೆಯದ್ದೂ ಅಲ್ಲ. ಇಡುವ ‘ಸೆಟ್’ ಹಳೆಯ ಇಂಗ್ಲಿಷಿನದು, ‘ಸಿಟ್’ನ ನೆಂಟ. ನಮ್ಮ ಕೂರು, ಕೂರಿಸು ಇದ್ದ ಹಾಗೆ. ಗುಂಪು ಎಂಬ ‘ಸೆಟ್’ಗೆ ಫ್ರೆಂಚಿನ ಮೂಲಕ ಲ್ಯಾಟಿನ್ನಿನ ‘ಸೆಕ್ಟಾ’ದ ನಂಟೂ ಇದೆ. ಗಣಿತದ ಮಾಷ್ಟ್ರು ‘ಗಣ’ ಅನ್ನುವುದು ಈ ಎರಡನೆಯದ್ದನ್ನು.

ಇಂಗ್ಲಿಷ್ ಎಷ್ಟು ಶ್ರೀಮಂತ ಅಂತ ಬಾಯಿ ಬಿಡಬೇಡಿ. ನಮ್ಮ ‘ಹಾಕು’ ನೋಡಿ. ಬಾಗಿಲು ಹಾಕಿದರೆ ಮುಚ್ಚುತ್ತದೆ, ಲೈಟ್ ಹಾಕಿದರೆ ಉರಿಯುತ್ತದೆ. ಓಟು ಹಾಕುತ್ತೇವೆ, ಅರ್ಜಿ ಹಾಕುತ್ತೇವೆ. ದನಕ್ಕೆ ನಾವು ಹುಲ್ಲು ಹಾಕುತ್ತೇವೆ, ದನ ಕರು ಹಾಕುತ್ತದೆ! ಇದನ್ನು ಯಾವ ಮಗುವೂ ಬಾಯಿಪಾಠ ಮಾಡಿಲ್ಲ, ಅಲ್ವಾ? ಜೊತೆಯಲ್ಲೇ ಕೇಳಿ ಕಲಿತದ್ದು. ‘ಸೆಟ್’ ಪಾಠದ ಹಿಂದಿನ ದಿನ ‘ಹಾಕು’ ಸೇರಿಸಿ ಹತ್ತು ವಾಕ್ಯ ಬರೆಸಿ, ಅರ್ಧ ಕೆಲಸ ಮುಗಿಯಿತು.

ಅಧ್ಯಕ್ಷರು ವಾಚು ನೋಡುತ್ತಿದ್ದಾರೆ. ಸೆಟ್ ಆಫ್, ಸೆಟ್ ಅಪ್, ಸೆಟ್ ಇನ್ ಬರೆದು ತಂದಿದ್ದೆ. ಚೀಟಿ ಇಲ್ಲೇ ಇಡುತ್ತೇನೆ, ಬೇಕಾದವರು ಫೋಟೋ ತೆಗೆದುಕೊಳ್ಳಿ.